ಸೋಮವಾರದ ಸಕ್ಕರೆ

ಕಾಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಅದೂ ಇಪ್ಪತ್ತರ ತನಕ. ಇಪ್ಪತ್ತಾದ ಮೇಲೆ ಸೆರಗಿಗೆ ಒಂದು ಗಂಟು ಹಾಕಿ ಮತ್ತೆ ಒಂದರಿಂದ ಶುರು. ಎರಡು ಗಂಟು ಬಿದ್ದರೆ ಹೊಲ ಉಳಿಯಿತು, ಬೀಳದಿದ್ದರೆ ಹೋಯಿತು.

ಹೊಲ ಅಂದರೆ ಮನೋಳಿಯಿಂದ ಒಂದು ಹರದಾರಿ ಆಚೆ, ಹೊಳೆಯಿಂದ ಅರ್ಧ ಹರದಾರಿ ಈಚೆ, ದನ ಮೇಯುತ್ತಿದ್ದ ಗಾಯರಾಣದ ಎರಡೆಕರೆ ಕಲ್ಲುನೆಲ. ಎಪ್ಪತ್ನಾಲ್ಕರಲ್ಲಿ ಸರಕಾರ ಆ ಗಾಯರಾಣವನ್ನು ಭೂಮಿಯಿಲ್ಲದವರಿಗೆ ಹಂಚಿತು. ಮಣ್ಣಿದ್ದ ತುಂಡುಗಳೆಲ್ಲ ಭೂಮಿಯಿದ್ದವರ ಆಳುಗಳ ಹೆಸರಿಗೆ ಹೋದವು. ಉಳಿದ ಕಲ್ಲು ಕಾಡವ್ವನ ಗಂಡ ಶಟ್ಟೆಪ್ಪನ ಪಾಲಿಗೆ ಬಂತು. ಬಂತು ಅಂದರೆ ಪೂರ್ತಿ ಬರಲಿಲ್ಲ. ಅರವತ್ತು ಲಿಂಬೆ ಸಸಿ ಕೊಟ್ಟು, ಎರಡು ವರ್ಷದ ಹೊತ್ತಿಗೆ ಅದರಲ್ಲಿ ನಲವತ್ತು ಬದುಕಿದ್ದರೆ ಹಕ್ಕುಪತ್ರ, ಇಲ್ಲದಿದ್ದರೆ ನೆಲ ವಾಪಸು ಎಂದು ಷರತ್ತು ಹಾಕಿದರು. ನೂರಾರು ಎಕರೆಯನ್ನು ಮುಳ್ಳಿಗೆ ಬಿಟ್ಟು ಕೂತವರಿಗೆ ಯಾವ ಸರಕಾರವಾದರೂ ಇಂಥ ಷರತ್ತು ಹಾಕಿದ್ದನ್ನು ಕಾಡವ್ವ ಕೇಳಿರಲಿಲ್ಲ. ಬಡವರ ನೆಲ ಮಾತ್ರ ಪರೀಕ್ಷೆ ಬರೆದು ಪಾಸಾಗಬೇಕು.

ಎಪ್ಪತ್ತಾರರ ಮಾಘದಲ್ಲಿ ಎರಡು ಗಂಟಿನ ಮೇಲೆ ಹದಿಮೂರು ಗಿಡ ಇದ್ದವು. ಯುಗಾದಿ ಕಳೆದ ವಾರ ಸವದತ್ತಿಯಿಂದ ಕಂದಾಯ ಇಲಾಖೆಯ ಸರ್ಕಲ್ ಸಾಹೇಬರು ಬರುವವರಿದ್ದರು. ಇಬ್ಬರು ಪಂಚರ ಎದುರು ಗಿಡ ಎಣಿಸಿ, ಪಂಚನಾಮೆ ಬರೆದು, ಸಹಿ ಹಾಕಿಸಿಕೊಂಡರೆ ನೆಲ ಇವರದು. ಇನ್ನು ಆರು ವಾರ. ಹದಿಮೂರು ಹೆಚ್ಚಿಗೆ ಇವೆ ಎಂದು ಕಾಡವ್ವ ನೆಮ್ಮದಿಯಿಂದ ಮಲಗಿದ್ದ ಆ ವಾರವೇ ಇರುವೆ ಬಂತು.

ಊರ ಇರುವೆ ಅಲ್ಲ ಅದು. ಮೂರು ವರ್ಷದ ಹಿಂದೆ ಪಕ್ಕದ ಲಿಂಬೆ ತೋಟದ ಸಾವಕಾರ ಅಂದಾನೆಪ್ಪ ಎಲ್ಲಿಂದಲೋ ಲಾರಿಯಲ್ಲಿ ತರಿಸಿದ ಸಸಿಗಳ ಬೇರುಮಣ್ಣಿನೊಳಗೆ ಕೂತು ಬಂದ ಪರದೇಶಿ ಜಾತಿ. ಸಣ್ಣದು, ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಕಚ್ಚಿದಲ್ಲಿ ಕೆಂಡ ಇಟ್ಟಂತಾಗಿ, ಮರುದಿನ ನೀರುಗುಳ್ಳೆ ಏಳುತ್ತಿತ್ತು. ಕೇರಿಯವರು ಉರಿ ಇರುವೆ ಎಂದು ಹೆಸರಿಟ್ಟಿದ್ದರು. ಸಾವಕಾರನ ತೋಟದಲ್ಲಿ ಕಾಯಿ ಬಿಡಿಸುವ ಹೆಂಗಸರ ಕೈಯಲ್ಲಿ ಮೂರು ವರ್ಷದಿಂದ ಬೊಬ್ಬೆ ಎದ್ದಿದ್ದವು, ಅದು ಯಾರಿಗೂ ಸುದ್ದಿಯಾಗಿರಲಿಲ್ಲ. ಇರುವೆ ಗಿಡದ ಬುಡದ ಹಸಿ ತೊಗಟೆ ಕೆರೆದು ಸುತ್ತಲೂ ಉಂಗುರ ತೆಗೆಯತೊಡಗಿದ ಮೇಲೆ ಸುದ್ದಿಯಾಯಿತು. ಉಂಗುರ ಪೂರ್ತಿಯಾದ ಗಿಡ ಮೇಲಿನಿಂದ ಒಣಗುತ್ತ ಬರುತ್ತದೆ.

ಈಗ ಆ ಇರುವೆ ಒಡ್ಡು ದಾಟಿ ಕಾಡವ್ವನ ಕಲ್ಲುನೆಲಕ್ಕೆ ಬಂದಿತ್ತು. ಎಂಟು ದಿನದೊಳಗೆ ನಾಲ್ಕು ಗಿಡ ಹೋದವು.

ಶಟ್ಟೆಪ್ಪ ಮನೋಳಿಗೆ ನಡೆದು ಹೋಗಿ ಗ್ರಾಮಸೇವಕ ನಿಜಗುಣಪ್ಪನವರನ್ನು ಕರೆದುಕೊಂಡು ಬಂದ. ಅವರು ಸೈಕಲ್ಲು ಒಡ್ಡಿಗೆ ಒರಗಿಸಿ, ಚೀಲದಿಂದ ಒಂದು ಪೊಟ್ಟಣ ಬಿಳಿ ಪುಡಿ ತೆಗೆದರು.

"ಇದನ್ನ ಗಿಡಕ್ಕ ಹಾಕಬಾರ್ದು, ಇರುವಿಗೆ ಉಣಸ್ಬೇಕು," ಎಂದರು. "ಜ್ವಾಳದ ನುಚ್ಚಿಗೆ ಸ್ವಲ್ಪ ಶೇಂಗಾ ಎಣ್ಣಿ, ಸ್ವಲ್ಪ ಬೆಲ್ಲ, ಅದರಾಗ ಒಂದ ಚಿಟಿಕಿ ಪುಡಿ. ಜಾಸ್ತಿ ಹಾಕಿದ್ಯೋ ಕೆಟ್ಟಿ. ತಿಂದ ಇರುವಿ ಅಲ್ಲೇ ಸಾಯಬಾರ್ದು."

"ಸಾಯಬಾರ್ದಂದ್ರ ವಿಷ ಯಾಕ್ರಿ?" ಎಂದ ಶಟ್ಟೆಪ್ಪ.

"ಈ ಹೊರಗ ಕಾಣ್ತಾವಲ್ಲ, ಇವು ಬರೇ ಕೂಲಿಯವು. ಇವನ್ನ ಎಷ್ಟ ಕೊಂದ್ರೂ ಮುಗಿಯಾಂಗಿಲ್ಲ. ಒಳಗೊಬ್ಬಾಕಿ ರಾಣಿ ಇರ್ತಾಳ. ಆಕಿ ಹೊರಗ ಬರಾಂಗಿಲ್ಲ, ದುಡಿಯಾಂಗಿಲ್ಲ. ಇವು ದುಡದು, ಹೊತ್ಕೊಂಡು ಹೋಗಿ ಆಕಿಗೆ ಉಣಸ್ತಾವ. ಆಕಿ ಉಂಡ್ಲಂದ್ರ ಗೂಡು ಬಂದ್."

ಕಾಡವ್ವನಿಗೆ ನಗು ಬಂತು. "ಇದ್ನ ಕಲಿಯಾಕ ನೀವು ಧಾರವಾಡಕ್ಕ ಹೋಗಿದ್ರೇನ್ರಿ? ನಮ್ಮ ಕೇರ್ಯಾಗ ಕೇಳಿದ್ರ ಹೇಳ್ತಿದ್ರಲ್ಲ."

ನಿಜಗುಣಪ್ಪನವರು ಸಾವಕಾರನ ತೋಟದ ಕಡೆ ಒಮ್ಮೆ ನೋಡಿ, ಬರುತ್ತಿದ್ದ ನಗುವನ್ನು ಮೀಸೆಯಲ್ಲೇ ಒರೆಸಿಕೊಂಡರು. "ಕೈಲೆ ಮುಟ್ಟಬ್ಯಾಡ, ಕಟಗಿಲೆ ಕಲಸು. ಕಲಸಿದ ಗಡಗಿ ಮತ್ತ ಅಡಗಿಗೆ ತರಬ್ಯಾಡ."

"ಅಡಗಿಗೆ ಇನ್ನೊಂದು ಗಡಗಿ ಐತ್ರಿ. ಅದರಾಗ ಹಾಕಾಕ ಏನಿಲ್ಲ, ಅಷ್ಟ."

ಯುಗಾದಿಗೆಂದು ಬಟ್ಟೆಯಲ್ಲಿ ಕಟ್ಟಿ ತೊಲೆಗೆ ನೇತುಹಾಕಿದ್ದ ಬೆಲ್ಲದ ಉಂಡೆ ಕೆಳಗಿಳಿಯಿತು. ಶಟ್ಟೆಪ್ಪ ಅದನ್ನು ಕಲ್ಲಿನಲ್ಲಿ ಜಜ್ಜುತ್ತಿದ್ದ ಹೆಂಡತಿಯ ಕೈಯನ್ನೇ ನೋಡುತ್ತಿದ್ದ. ಚೂರು ಸಿಡಿದು ನೆಲಕ್ಕೆ ಬಿದ್ದದ್ದನ್ನು ಎತ್ತಿ ಬಾಯಿಗೆ ಹಾಕಿಕೊಂಡ. "ಇರುವಿಗಿಂತ ಮೊದಲ ನಾ ನೋಡ್ತೇನಿ," ಎಂದ. ಪುಡಿ ಹಾಕುವ ಮೊದಲೇ ನೋಡು, ಆಮೇಲೆ ಬೇಡ ಎಂದು ಕಾಡವ್ವ ಗದರಿದಳು. ಸಂಜೆಯೊಳಗೆ ಇರುವೆಯ ಹಾದಿಯುದ್ದಕ್ಕೂ ನುಚ್ಚು ಇಟ್ಟು ಬಂದರು.

ಮರುದಿನ ನುಚ್ಚು ಇಟ್ಟಲ್ಲೇ ಇತ್ತು. ಅದರ ಮರುದಿನವೂ. ಇರುವೆಗಳು ಸಾಲು ಕಟ್ಟಿ, ಆ ನುಚ್ಚಿನ ಪಕ್ಕದಲ್ಲೇ ಹಾದು, ಮದುವೆ ಊಟ ಮುಗಿಸಿ ಬಂದವರ ಹಾಗೆ ಅದರತ್ತ ತಿರುಗಿಯೂ ನೋಡದೆ ಹೋಗುತ್ತಿದ್ದವು. ವಾರದ ಮೇಲೆ ಬಂದ ನಿಜಗುಣಪ್ಪನವರು ಕುಕ್ಕರುಗಾಲಲ್ಲಿ ಕೂತು ನೋಡಿ ಹುಬ್ಬು ಗಂಟಿಕ್ಕಿದರು.

"ಬೆಲ್ಲಾ ಹಾಕಿದ್ಯಾ? ಖರೇ ಹೇಳು."

"ಹಾಕೀನ್ರಿ."

"ಅಲ್ಲಾ, ಕೆಲವು ಮಂದಿ ಏನ ಮಾಡ್ತಾರ, ಬೆಲ್ಲಾ ಎಣ್ಣಿ ತಾವ ತಿಂದು, ಬರೇ ನುಚ್ಚಿಗೆ ಪುಡಿ ಕಲಸಿ ಇಡ್ತಾರ. ಆಮ್ಯಾಲೆ ದವಾ ಸುಳ್ಳ ಅಂತಾರ."

ಕಾಡವ್ವ ಒಂದು ಎಲೆಯ ಮೇಲೆ ಆ ನುಚ್ಚನ್ನು ಎತ್ತಿ ಅವರ ಮುಖದ ಹತ್ತಿರ ಹಿಡಿದಳು. "ನೆಕ್ಕಿ ನೋಡ್ರಿ. ಸಪ್ಪಗಿದ್ರ ಹೇಳ್ರಿ."

ಅವರು ಕೂತಲ್ಲಿಂದಲೇ ಹಿಂದೆ ಸರಿದರು. ತಮಾಷೆಗೆ ಅಂದಳೋ ಸಿಟ್ಟಿಗೆ ಅಂದಳೋ ತಿಳಿಯಲಿಲ್ಲ. ಸೈಕಲ್ಲು ಹತ್ತುವಾಗ ಮಾತ್ರ ಒಂದು ಉಪಯೋಗದ ಮಾತು ಹೇಳಿದರು. "ಅವಕ್ಕ ಎಲ್ಲೋ ಇದಕ್ಕಿಂತ ರುಚಿ ಸಿಕ್ಕೈತಿ. ಅದ್ನ ಹುಡುಕು."

ಹುಡುಕುವುದು ಕಷ್ಟವಾಗಲಿಲ್ಲ. ಸೋಮವಾರ ಬೆಳಿಗ್ಗೆ ಕಾಡವ್ವ ಇರುವೆಯ ಸಾಲನ್ನು ಹಿಂದಕ್ಕೆ ಹಿಂಬಾಲಿಸಿದಳು. ಸಾಲು ಒಡ್ಡಿನ ಕಡೆ ಹೋಯಿತು. ಒಡ್ಡಿನ ಮೇಲೆ ಸಾವಕಾರನ ಹೆಂಡತಿ ರಾಚವ್ವ ಬಗ್ಗಿ ನಿಂತಿದ್ದಳು. ತಲೆಸ್ನಾನದ ಕೂದಲು ಇನ್ನೂ ಆರಿರಲಿಲ್ಲ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಿತ್ತಾಳೆ ಬಟ್ಟಲು. ತಮ್ಮ ತೋಟದ ಗೂಡಿನ ಬಾಯಿಂದ ಹಿಡಿದು, ಒಡ್ಡು ಹತ್ತಿ, ಒಡ್ಡು ಇಳಿದು, ಕಾಡವ್ವನ ಮೂರನೆಯ ಸಾಲಿನ ಗಿಡದ ತನಕ, ಬೆರಳ ಸಂದಿಯಿಂದ ಸಕ್ಕರೆ ಬಿಡುತ್ತ ರಂಗೋಲಿಯ ಗೆರೆಯ ಹಾಗೆ ಎಳೆದಿದ್ದಳು. ಗೆರೆಯ ಮೇಲೆ ಇರುವೆ ಕೆಂಪಗೆ ಮುತ್ತಿತ್ತು.

"ಅವ್ವಾರ, ಏನ ಮಾಡಾಕ ಹತ್ತೀರಿ?"

"ಅಲ್ಲೇ ನಿಂದ್ರ. ಮಡೀಲೆ ಇದೀನಿ." ರಾಚವ್ವ ಗೆರೆ ಮುಗಿಸಿಯೇ ತಲೆ ಎತ್ತಿದಳು. "ವ್ರತ ಐತಿ. ಹನ್ನೊಂದು ಸ್ವಾಮಾರ ಇರುವಿಗೆ ಸಕ್ಕರಿ ಹಾಕ್ತೇನಂತ ಬೇಡ್ಕೊಂಡೀನಿ. ಸುಂದರವ್ವ ನಮ್ಮನಿ ಸೊಸಿಯಾಗಿ ಬಂದು ಏಳ ವರ್ಷಾತು, ಇನ್ನೂ ಹೊಟ್ಟಿ ಫಲಿಸಿಲ್ಲ."

"ಹಾಕ್ರಿ, ಪುಣ್ಯೇದ ಕೆಲಸ. ಗೂಡಿನ ಬಾಯಾಗ ಹಾಕೂದ ಬಿಟ್ಟು ನಮ್ಮ ಹೊಲದಾಗ ಯಾಕ ಗೆರಿ ಎಳೀತೀರಿ?"

"ತ್ವಾಟ ಹಾಳ ಮಾಡಾಕ ಹತ್ಯಾವು. ಹಂಗಂತ ಕೊಲ್ಲಾಕ ಬರ್ತೈತೇನ? ಶರಣರ ಮನಿತನ ನಮ್ದು. ಕೊಲ್ಲಬಾರ್ದು, ಹಾದಿ ತೋರಸ್ಬೇಕು. ನಿಮ್ಮದು ಬರೇ ಕಲ್ಲ. ಅಲ್ಲಿ ಇದ್ರ ಯಾರಿಗೇನ ತ್ರಾಸ?"

"ನಮ್ಮ ಗಿಡ ಅದಾವ್ರಿ."

"ಸರಕಾರದ ಗಿಡ ಅವು. ಸತ್ರ ಮತ್ತ ಕೊಡ್ತಾರ."

ಆಚೆ ತೋಟದಲ್ಲಿ ಮೋಟಾರು ಓಡುತ್ತಿತ್ತು. ಅಂದಾನೆಪ್ಪ ಗೂಡಿದ್ದ ಪಾತಿಗಳಿಗೇ ಹುಡುಕಿ ಹುಡುಕಿ ನೀರು ತಿರುಗಿಸಿದ್ದ. ನೀರು ಬಿಡುವುದು ಕೊಲೆಯಲ್ಲ, ಒಕ್ಕಲುತನ. ಹಿಂದಿನಿಂದ ಗಂಡ ನೀರಿನಲ್ಲಿ ನೂಕಿದ, ಮುಂದಿನಿಂದ ಹೆಂಡತಿ ಸಕ್ಕರೆ ತೋರಿಸಿದಳು. ನಡುವಿನ ಇರುವೆಗೆ ಕಾಡವ್ವನ ಒಣನೆಲವಲ್ಲದೆ ಬೇರೆ ದಾರಿ ಇರಲಿಲ್ಲ. ಇಬ್ಬರ ಕೈಗೂ ಪಾಪ ಅಂಟಲಿಲ್ಲ.

ಕಾಡವ್ವ ಕೈ ಮುಗಿದಳು. "ಯುಗಾದಿ ಮಟ ನಿಲ್ಲಸ್ರಿ ಅವ್ವಾರ. ಸಾಹೇಬ್ರು ಗಿಡ ಎಣಿಸಿ ಹ್ವಾದ ಮ್ಯಾಲೆ ಬೇಕಾದಷ್ಟ ಹಾಕ್ರಿ. ನಲವತ್ತ ಗಿಡ ಉಳೀಲಿಲ್ಲಂದ್ರ ನೆಲಾ ಕಸಗೋತಾರ."

"ವ್ರತ ನಡು ಕಡೀಬಾರ್ದು ಕಾಡವ್ವಾ. ನೀನೂ ಹೆಣ್ಣು, ನಿನಗ ತಿಳೀಬೇಕು."

ಆಗಲೇ ಕಾಡವ್ವನ ಕಣ್ಣು ಸಕ್ಕರೆಯ ಮೇಲೆ ನಿಂತದ್ದು. ಸಕ್ಕರೆ ನೋಡದೆ ಅವಳಿಗೆ ಆರು ತಿಂಗಳಾಗಿತ್ತು. ಊರಿನ ರೇಷನ್ ಅಂಗಡಿ ಅಂದಾನೆಪ್ಪನದೇ. ದಸರೆಯಿಂದ ಈಚೆ ಕೇರಿಯವರು ಹೋದಾಗಲೆಲ್ಲ ಅವನದು ಒಂದೇ ಉತ್ತರ, ಸಕ್ಕರೆ ಬಂದಿಲ್ಲ. ದೀಪಾವಳಿಗೆ ಬಂದಿಲ್ಲ, ಸಂಕ್ರಾಂತಿಗೆ ಬಂದಿಲ್ಲ. ಕೇರಿಯಲ್ಲಿ ಇಲಿ ತಿನ್ನುತ್ತವೆ ಎಂದು ಹದಿನೆಂಟು ಮನೆಯ ಕಾರ್ಡುಗಳನ್ನೂ ಅವನೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

"ಅವ್ವಾರ, ಈ ಸಕ್ಕರಿ ಎಲ್ಲೀದ್ರಿ?"

"ಮನಿಯಾಗಿಂದು."

"ಮನಿಗೆ ಎಲ್ಲಿಂದ ಬಂತ್ರಿ?"

ರಾಚವ್ವ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ತೋಟದೊಳಗೆ ನಡೆದಳು.

ಕಾಡವ್ವ ಓಡಿ ಹೋಗಿ ನೆರೆಮನೆಯ ತಾಯವ್ವನನ್ನು ಕರೆದು ತಂದಳು. ಇಬ್ಬರೂ ಒಡ್ಡಿನಿಂದ ಈಚೆ, ತಮ್ಮ ಹದ್ದಿಯೊಳಗೆ ಬಿದ್ದ ಗೆರೆಯನ್ನಷ್ಟೇ ಮೊರಕ್ಕೆ ಗುಡಿಸಿಕೊಂಡರು. ಆಚೆಯ ಒಂದು ಹರಳನ್ನೂ ಮುಟ್ಟಲಿಲ್ಲ. ತಮ್ಮ ನೆಲಕ್ಕೆ ಬಿದ್ದದ್ದು ತಮ್ಮದು, ಕೇರಿಯ ನ್ಯಾಯ ಅದು. ಇರುವೆ ಕೊಡವಿ, ಮಣ್ಣು ಸೋಸಿದ ಮೇಲೆ ಎರಡು ಬೊಗಸೆ ಉಳಿಯಿತು. ತಾಯವ್ವ ಒಂದು ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚಿಕೊಂಡಳು.

"ಎವ್ವಾ, ನಾಲಿಗಿಗೆ ಗುರುತ ಐತಿ ಬೇ ಇನ್ನೂ. ಒಯ್ದು ಚಾ ಮಾಡೂಣು ನಡಿ. ಕೇರಿಗೆಲ್ಲಾ ಆಕ್ಕೈತಿ."

"ಬ್ಯಾಡ. ಚಾ ಇವತ್ತಿಗೆ ಮುಗೀತೈತಿ."

"ಮತ್ತೇನ, ಉಪ್ಪಿನಕಾಯಿ ಹಾಕ್ತಿ?"

"ಅವು ಬೆಲ್ಲಾ ಒಲ್ಲೆ ಅಂದ್ವಲ್ಲ. ಸಕ್ಕರಿ ರೂಢಿ ಆದವಕ್ಕ ಸಕ್ಕರೀನ ಹಾಕ್ಬೇಕು."

ಅಂದು ಮಧ್ಯಾಹ್ನ ಒಡೆದ ಗಡಿಗೆಯ ತಳದಲ್ಲಿ ಸಕ್ಕರೆ, ಎಣ್ಣೆ, ಪುಡಿ ಕೂಡಿತು. ಕಾಡವ್ವ ರಾಚವ್ವನ ಗೆರೆ ಎಲ್ಲಿತ್ತೋ ಅಲ್ಲೇ, ಅಷ್ಟೇ ಸಣ್ಣಗೆ, ಕಡ್ಡಿಯಿಂದ ಬಿಡುತ್ತ ಹೋದಳು. ಒಡ್ಡಿನ ಬುಡಕ್ಕೆ ಬಂದು ನಿಲ್ಲಿಸಿದಳು. ಹೊತ್ತು ಮುಳುಗುವುದರೊಳಗೆ ಗೆರೆ ಕೆಂಪಾಯಿತು. ಒಂದೊಂದು ಇರುವೆಯೂ ತನ್ನ ತಲೆಗಿಂತ ದೊಡ್ಡ ಹರಳು ಕಚ್ಚಿಕೊಂಡು ಮನೆಯ ದಾರಿ ಹಿಡಿಯಿತು. ನೋಡುತ್ತ ಕೂತ ಕಾಡವ್ವನಿಗೆ ಖುಷಿಯೇನೂ ಆಗಲಿಲ್ಲ. ಸಾಲು ತಪ್ಪದ ಅವುಗಳ ದುಡಿತವನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ. ಎದ್ದು ಮನೆಗೆ ಬಂದಳು.

ಮುಂದಿನ ಸೋಮವಾರ ಮತ್ತೆ ಹಾಗೆಯೇ. ಅದರ ನಂತರ ಗೂಡುಗಳ ಬಾಯಲ್ಲಿ ಸತ್ತ ಇರುವೆಯ ರಾಶಿ ಬೀಳತೊಡಗಿತು, ಎಳ್ಳು ಚೆಲ್ಲಿದ ಹಾಗೆ. ವಿಷಕ್ಕೆ ಹದ್ದಿ ಗೊತ್ತಿಲ್ಲ. ಒಡ್ಡಿನ ಆಚೆ ಸಾವಕಾರನ ತೋಟದ ಗೂಡುಗಳೂ ಒಂದೊಂದಾಗಿ ತಣ್ಣಗಾದವು. ಮೂರು ವರ್ಷದಲ್ಲಿ ಮೊದಲ ಸಲ ಕಾಯಿ ಬಿಡಿಸುವವರ ಕೈಯ ಬೊಬ್ಬೆ ಆರಿತು. ಕಾಡವ್ವ ಗಿಡ ಎಣಿಸಿದಳು. ಎರಡು ಗಂಟಿನ ಮೇಲೆ ಎರಡು. ಅದರಲ್ಲೂ ಹತ್ತು ಹನ್ನೆರಡರ ಬುಡ ಅರ್ಧಕ್ಕರ್ಧ ಕೆರೆದು ಹೋಗಿತ್ತು. ಇರಲಿ, ಹಸಿರಿದ್ದವು. ಸಾಹೇಬರು ಬುಡ ನೋಡುವುದಿಲ್ಲ, ಎಲೆ ನೋಡುತ್ತಾರೆ.

ಹತ್ತನೆಯ ಸೋಮವಾರ ರಾಚವ್ವ ಬಟ್ಟಲು ಹಿಡಿದು ಬಂದಾಗ ಸಕ್ಕರೆ ತಿನ್ನಲು ಒಂದು ಇರುವೆಯೂ ಇರಲಿಲ್ಲ. ಸತ್ತ ಇರುವೆಯ ರಾಶಿಯ ಮುಂದೆ ಕೂತು ಅವಳು ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ. ಮೊಮ್ಮಗನ ಮುಖ ನೋಡಬೇಕೆಂಬ ಆಸೆ ಸಾವಕಾರ್ತಿಗೂ ಇರುತ್ತದೆ. ಆದರೆ ಆರು ತಿಂಗಳಿಂದ ಹದಿನೆಂಟು ಮನೆಯ ಮಕ್ಕಳು ಸಪ್ಪೆ ಚಹಾ ಕುಡಿಯುತ್ತಿರುವುದು ಅವಳ ಕಣ್ಣಿನಿಂದ ಒಂದು ಹನಿಯನ್ನೂ ಇಳಿಸಿರಲಿಲ್ಲ. ಸಂಜೆಯೊಳಗೆ ಊರೆಲ್ಲ ಸುದ್ದಿ ಹರಡಿತು: ಸಾವಕಾರ್ರ ಮನೆಯ ವ್ರತದ ಸಕ್ಕರೆಗೆ ಕೇರಿಯ ಕಾಡಿ ವಿಷ ಬೆರೆಸಿದಳು.

ಯುಗಾದಿಯ ಮರುದಿನ ಕೇರಿಯ ಹಿರಿಯ ಲಗಮಪ್ಪ ಬಂದು ಕಟ್ಟೆಯ ಮೇಲೆ ಕೂತ. ಇಬ್ಬರು ಪಂಚರಲ್ಲಿ ಅವನೊಬ್ಬ, ಇನ್ನೊಬ್ಬ ಅಂದಾನೆಪ್ಪ. ಲಗಮಪ್ಪ ನಲವತ್ತು ವರ್ಷ ಸಾವಕಾರನ ಮನೆಯ ದನ ಕಟ್ಟಿದವನು.

"ನಾ ಹೆಬ್ಬಟ್ಟ ಒತ್ತತೇನಿ," ಎಂದ. "ಸಾವ್ಕಾರ್ರು ಸೈ ಮಾಡಾಂಗಿಲ್ಲಂತ. ನೀ ಹೋಗಿ ಅವ್ವಾರ ಕಾಲಿಗೆ ಬೀಳಬೇಕಂತ. ತಪ್ಪಾತು ಅನ್ನಬೇಕಂತ. ಆಮ್ಯಾಲೆ ವ್ರತ ಕೆಟ್ಟದ್ದಕ್ಕ ಹನ್ನೊಂದು ಸ್ವಾಮಾರ ನಿನ್ನ ಕೈಲೆ ಇರುವಿಗೆ ಸಕ್ಕರಿ ಹಾಕ್ಬೇಕಂತ."

"ಇರುವಿ ಎಲ್ಲಿ ಉಳದಾವು ಯಜ್ಜಾ?"

"ಅದ್ನ ನಾ ಕೇಳಲಿಲ್ಲ."

ಅವನು ಹೋದ ಮೇಲೆ ಶಟ್ಟೆಪ್ಪ ಮೆಲ್ಲಗೆ ಬಾಯಿ ಬಿಟ್ಟ. "ಬಿದ್ದ ಬಿಡು ಕಾಡಿ. ನಮ್ಮಜ್ಜ ಬಿದ್ದಾನ, ನಮ್ಮಪ್ಪ ಬಿದ್ದಾನ. ಏನ ಸವೀತೈತಿ?"

"ಬಿದ್ದು ಅವರಿಗೇನ ಸಿಕ್ತು?"

"ನಾ ಸಿಕ್ನೆಲ್ಲ."

ಅವಳು ನಗಬಾರದೆಂದುಕೊಂಡರೂ ನಕ್ಕಳು. ಆಮೇಲೆ ಅವನ ಕೈ ಹಿಡಿದು ನೋಡಿದಳು. ಎರಡು ವರ್ಷ ಕಲ್ಲು ಎತ್ತಿ ಎತ್ತಿ ಆ ಕೈಯ ಉಗುರು ಮುರಿದಿದ್ದವು. ಅರವತ್ತು ಕುಣಿ ತೋಡಿದ್ದು ಅದೇ ಕೈ. ನೆಲ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಬೀಳತೇನಿ ಬಿಡು," ಎಂದಳು.

ಸರ್ಕಲ್ ಸಾಹೇಬರು ಬಂದ ದಿನ ಮೊದಲು ಸಾವಕಾರನ ಮನೆಯಲ್ಲಿ ಫಳಾರ ಆಯಿತು. ಆಮೇಲೆ ಹೊಲಕ್ಕೆ ಬಂದರು. ಛತ್ರಿಯ ತುದಿಯಿಂದ ಒಂದೊಂದೇ ಗಿಡ ಮುಟ್ಟಿ ಎಣಿಸಿದರು, ನಲವತ್ತೆರಡು. ಎರಡನೆಯ ಸಲವೂ ನಲವತ್ತೆರಡು. ಒಡ್ಡಿನ ಮೇಲೆ ಕಂಬಳಿ ಹಾಸಿ ಕೂತು ಪಂಚನಾಮೆ ಬರೆಯತೊಡಗಿದರು. ಅಂದಾನೆಪ್ಪನ ಆಳು ತಾಟಿನಲ್ಲಿ ಇನ್ನೊಂದು ಕಪ್ ಚಹಾ ತಂದಿಟ್ಟ. ಕೇರಿಯವರು ದೂರ ನಿಂತು ನೋಡುತ್ತಿದ್ದರು. ಲಗಮಪ್ಪ ಹೆಬ್ಬೆಟ್ಟು ಒತ್ತಿದ. ಕಾಗದ ಅಂದಾನೆಪ್ಪನ ಮುಂದೆ ಬಂತು.

ಅವನು ಪೆನ್ನು ಮುಟ್ಟಲಿಲ್ಲ. "ಸಾಹೇಬ್ರ, ಗಿಡ ಅದಾವು, ನಾ ಇಲ್ಲ ಅನ್ನಾಂಗಿಲ್ಲ. ಆದ್ರ ಊರಿಗೊಂದು ಧರ್ಮ ಅಂತ ಐತಿ. ನಮ್ಮ ಮನಿ ಹೆಣ್ಮಗಳು ಸಾಕಿದ ಮೂಕ ಜೀವ ಸಾವಿರಗಟ್ಲೆ ಕೊಂದಾಳ ಈಕಿ. ಮೊದಲ ಅದು ಬಗಿಹರೀಲಿ."

ರಾಚವ್ವ ತೋಟದ ಬಾಗಿಲಲ್ಲಿ ನಿಂತಿದ್ದಳು. ಶಟ್ಟೆಪ್ಪ ಹೆಂಡತಿಯ ಬೆನ್ನಿಗೆ ಮೆಲ್ಲಗೆ ಕೈ ತಾಗಿಸಿದ. ಕಾಡವ್ವ ಹೋದಳು. ಬೀಳಲು ಬಗ್ಗಿದಳು. ರಾಚವ್ವ ಎರಡು ಹೆಜ್ಜೆ ಹಿಂದೆ ಸರಿದು, "ಅಲ್ಲೇ, ಅಲ್ಲೇ, ಮುಟ್ಟಬ್ಯಾಡ," ಎಂದಳು. ಕಾಡವ್ವ ಕಾಲಿಲ್ಲದ ಜಾಗದಲ್ಲಿ, ಬರೀ ಮಣ್ಣಿಗೆ ಹಣೆ ಹಚ್ಚಿದಳು. ಹಚ್ಚಿ 'ತಪ್ಪಾತು' ಅನ್ನಬೇಕಿತ್ತು. ಅನ್ನಲಿಲ್ಲ. ಎದ್ದು ನಿಂತು ಹಣೆಯ ಮಣ್ಣು ಒರೆಸಿಕೊಂಡಳು.

"ಸಕ್ಕರೀನೂ ಹಾಕ್ತೇನ್ರಿ," ಎಂದಳು. ದನಿ ಏರಿರಲಿಲ್ಲ. "ಹನ್ನೊಂದಲ್ಲ, ಇಪ್ಪತ್ತೊಂದು ಸ್ವಾಮಾರ ಹಾಕ್ತೇನಿ. ನಮ್ಮ ಕಾರ್ಡಿನ ಸಕ್ಕರಿ ಕೊಡ್ರಿ. ಆರು ತಿಂಗಳದ್ದು. ನಂದೊಂದ ಮನಿದಲ್ಲ, ಹದಿನೆಂಟು ಮನಿದು."

ಸಾಹೇಬರ ಕೈಯ ಕಪ್ಪು ತುಟಿಯ ಹತ್ತಿರ ನಿಂತಿತು.

"ಏನ ಸಕ್ಕರಿ?" ಎಂದರು.

"ನಮಗ ಬಂದಿಲ್ಲ ಅಂದ ಸಕ್ಕರಿ ಇರುವಿಗೆ ಬಂದಿತ್ರಿ. ಅದ ಸಕ್ಕರಿ ನಿಮ್ಮ ಚಾದಾಗೂ ಐತಿ. ಕಾರ್ಡು ಸಾವ್ಕಾರ್ರ ಪೆಟಗ್ಯಾಗ ಅದಾವು. ಅದರಾಗ ನಾವು ಒಯ್ದೇವಂತ ಬರದಾರೋ ಇಲ್ಲಂತ ಬರದಾರೋ, ನನಗ ಓದಾಕ ಬರಾಂಗಿಲ್ಲ. ನೀವ ಓದಿ ಹೇಳ್ರಿ."

ಸಾಹೇಬರು ಕಪ್ಪನ್ನು ತಾಟಿನ ಮೇಲಿಟ್ಟರು. ಅವರಿಗೆ ಸವದತ್ತಿಯ ಬಸ್ಸು ಹಿಡಿಯಬೇಕಿತ್ತು. "ನೋಡವ್ವಾ, ಸಕ್ಕರಿ ನನ್ನ ಖಾತೆ ಅಲ್ಲ. ನಾ ಗಿಡ ಎಣಸಾಕ ಬಂದಾಂವ. ಆಹಾರ ಶಾಖೆಯವರು ಬ್ಯಾರೆ ಅದಾರ. ಮಂಗಳವಾರ ಮನೋಳಿಗೆ ಬರ್ತಾರ, ಅವರಿಗೆ ಹೇಳ್ಕೊ."

ಅವರಿಗೆ ಅದು ತಲೆನೋವು ದಾಟಿಸುವ ಮಾತು. ಅಂದಾನೆಪ್ಪನಿಗೆ ಹಾಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲ. ಎಣ್ಣೆ ಡಬ್ಬಿ ಬಚ್ಚಿಟ್ಟ ಬೈಲಹೊಂಗಲದ ವರ್ತಕನೊಬ್ಬನನ್ನು ಅಂಗಡಿಯಿಂದಲೇ ಜೀಪು ಹತ್ತಿಸಿದ್ದರೆಂದು ಪೇಟೆಯಲ್ಲೆಲ್ಲ ಮಾತು ಓಡಾಡುತ್ತಿತ್ತು. ಅಂದಾನೆಪ್ಪ ಒಮ್ಮೆ ಸಾಹೇಬರ ಮುಖ ನೋಡಿದ, ಒಮ್ಮೆ ದೂರದ ಕೇರಿಯವರನ್ನು ನೋಡಿದ. ಪೆನ್ನು ತೆಗೆದುಕೊಂಡ.

"ಹೆಣ್ಮಕ್ಕಳ ಜಗಳ, ನಾವ್ಯಾಕ ದೊಡ್ಡದ ಮಾಡೂದು ಬಿಡ್ರಿ," ಎನ್ನುತ್ತ ಅಚ್ಚುಕಟ್ಟಾಗಿ ಸಹಿ ಮಾಡಿದ.

ಶಟ್ಟೆಪ್ಪನ ಹೆಸರಿನ ಕಾಗದ ಅಂದೇ ಮೊಹರು ಕಂಡಿತು. ಕೇರಿಯಲ್ಲಿ ಅಂದು ಹಲಗೆ ಬಾರಿಸಿದರು. ತಾಯವ್ವ ಕುಣಿದಳು.

ಮಂಗಳವಾರದ ತನಕ ಅಂದಾನೆಪ್ಪ ಕಾಯಲಿಲ್ಲ. ಸೋಮವಾರ ಬೆಳಿಗ್ಗೆಯೇ ಅಂಗಡಿಯ ಆಳು ಕೇರಿಗೆ ಬಂದು, ಸಕ್ಕರೆ ಬಂದಿದೆ, ಕಾರ್ಡೂ ಒಯ್ಯಿರಿ ಎಂದು ಕೂಗಿ ಹೋದ. ಹದಿನೇಳು ಮನೆಗೆ ಎರಡು ತಿಂಗಳ ಸಕ್ಕರೆ ಸಿಕ್ಕಿತು. ಕಾಡವ್ವ ಹೋದಾಗ ಚೀಲ ಜಾಡಿಸಿ ತೋರಿಸಿದರು. ಮುಗಿದಿತ್ತು. ಮಂಗಳವಾರ ಮನೋಳಿಗೆ ಹೋಗಿ ಸಾಕ್ಷಿ ಹೇಳಲು ಯಾರು ಬರುತ್ತೀರಿ ಎಂದು ಅವಳು ಮನೆಮನೆ ಕೇಳಿದಳು. ಒಬ್ಬರಿಗೆ ಹೊಟ್ಟೆನೋವು, ಒಬ್ಬರಿಗೆ ಬೀಗರ ಊರು. ಕೇರಿಯ ತುಂಬ ಸಿಹಿ ಚಹಾದ ವಾಸನೆ ಇತ್ತು.

ಬಹಿಷ್ಕಾರ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಕಾಯಿ ಬಿಡಿಸಲು ಹದಿನೇಳು ಮನೆಗೆ ಕರೆ ಬಂತು, ಒಂದಕ್ಕೆ ಬರಲಿಲ್ಲ. ಗಿರಣಿಯಲ್ಲಿ ಕಾಡವ್ವನ ಜೋಳದ ಬುಟ್ಟಿ ಸಂಜೆಯ ತನಕ ಸಾಲಿನಲ್ಲಿ ಕೂತು, ಹಾಗೇ ಮನೆಗೆ ಬಂತು. ಬೀಸುಕಲ್ಲಿನಲ್ಲಿ ಬೀಸಿಕೊಂಡಳು. ಅದೆಲ್ಲ ತಡೆದುಕೊಳ್ಳುವಂಥದ್ದು. ಆದರೆ ಎರಡು ವರ್ಷ ಸಾವಕಾರನ ಮೋಟಾರಿನ ಬಸಿನೀರು ಒಡ್ಡಿನ ತೂಬಿನಿಂದ ವಾರಕ್ಕೊಮ್ಮೆ ಕಾಡವ್ವನ ಗಿಡಕ್ಕೆ ಬರುತ್ತಿತ್ತು, ಶಟ್ಟೆಪ್ಪ ತೋಟದ ರಾತ್ರಿ ಕಾವಲು ಮಾಡಿದ್ದಕ್ಕೆ. ಒಂದು ಬೆಳಿಗ್ಗೆ ಆ ತೂಬಿಗೆ ಕಲ್ಲು ಗಾರೆ ಮೆತ್ತಿತ್ತು. ಸಾವಕಾರನಿಗೆ ಆ ಕಾವಲುಗಾರನೂ ಬೇಡವಾಗಿದ್ದ.

ಚೈತ್ರದ ಬಿಸಿಲು ಕಲ್ಲನ್ನು ಕಾಯಿಸುತ್ತಿತ್ತು. ಹಾದಿಯಲ್ಲಿ ಎದುರಾದ ತಾಯವ್ವ ಮುಖ ಆಚೆ ತಿರುಗಿಸಿಕೊಂಡೇ ಮಾತಾಡಿದಳು. "ನನ್ನ ಮಾತಾಡಸಬ್ಯಾಡ ಬೇ. ಕೂಲಿ ಹತ್ತೇತಿ. ಮೂರು ಹೊಟ್ಟಿ ಅದಾವು." ಕಾಡವ್ವ ಮಾತಾಡಿಸಲಿಲ್ಲ. ಮೂರು ಹೊಟ್ಟೆ ಅವಳಿಗೂ ಗೊತ್ತಿದ್ದವೇ.

ಗಂಡ ಹೆಂಡತಿ ಹೊಳೆಯಿಂದ ನೀರು ಹೊರತೊಡಗಿದರು. ಅರ್ಧ ಹರದಾರಿ ಹೋಗಿ, ಅರ್ಧ ಹರದಾರಿ ಬರಬೇಕು. ಕತ್ತಲಿರುವಾಗ ಎದ್ದರೂ ಬಿಸಿಲು ಏರುವುದರೊಳಗೆ ಒಬ್ಬೊಬ್ಬರಿಗೆ ಮೂರು ಕೊಡ ಆಗುತ್ತಿದ್ದವು. ಗಿಡಕ್ಕೆ ಅರ್ಧ ಕೊಡ. ಎಂಟು ದಿನ ಹೊತ್ತ ಮೇಲೆ ಕಾಡವ್ವ ಎಣಿಸಿ ನೋಡಿದಳು. ಎಷ್ಟು ಸಲ ಎಣಿಸಿದರೂ ಮೂವತ್ತಕ್ಕಿಂತ ಹೆಚ್ಚು ಗಿಡ ಈ ನೀರಿಗೆ ಬದುಕುವಂತಿರಲಿಲ್ಲ. ಎಲ್ಲಕ್ಕೂ ಹಂಚಿದರೆ ಎಲ್ಲವೂ ಸಾಯುತ್ತವೆ. ಬುಡದ ತೊಗಟೆ ಹೋಗಿದ್ದ ಹನ್ನೆರಡಕ್ಕೆ ಇನ್ನು ನೀರಿಲ್ಲ ಎಂದು ಅವಳು ಮನಸ್ಸಿನಲ್ಲಿ ಬೇರೆ ಮಾಡಿದಳು. ಶಟ್ಟೆಪ್ಪನಿಗೆ ಹೇಳಲಿಲ್ಲ. ಕಾಗದದಲ್ಲಿ ಹೇಗೂ ನಲವತ್ತೆರಡಿದ್ದವು.

ಹತ್ತನೆಯ ದಿನ ಮುಂದೆ ನಡೆಯುತ್ತಿದ್ದ ಶಟ್ಟೆಪ್ಪ ಮೂರನೆಯ ಸಾಲಿನಲ್ಲಿ ನಿಂತುಬಿಟ್ಟ. ಒಂದು ಗಿಡ ಟೊಂಗೆಯ ತುದಿಯಲ್ಲಿ ಬಿಳಿ ಹೂ ಬಿಟ್ಟಿತ್ತು. ಇಡೀ ಹೊಲದಲ್ಲಿ ಮೊದಲನೆಯದು. ಅವನ ಮುಖ ಅರಳಿತು.

"ಕಾಡೀ, ಇಲ್ಲಿ ಬಾ. ಹೂ ಬಿಟ್ಟೈತಿ ನೋಡ. ಈ ವರ್ಷಾನ ಕಾಯಿ ಹಿಡೀತೈತಿ."

ಅವಳು ಬಂದು ನೋಡಿದಳು. ಬುಡದಲ್ಲಿ ಉಂಗುರ ಮುಕ್ಕಾಲು ಸುತ್ತಿತ್ತು. ಸಾಯುವ ಗಿಡ ಹೂ ಬಿಡಲು ಅವಸರ ಮಾಡುತ್ತದೆ ಎಂದು ಸಾವಕಾರನ ತೋಟದಲ್ಲಿ ಮೂರು ವರ್ಷ ಕಾಯಿ ಬಿಡಿಸಿದವಳಿಗೆ ಗೊತ್ತಿತ್ತು. ಹೂವಿನ ವಾಸನೆ ಗಮ್ಮೆಂದು ಬರುತ್ತಿತ್ತು. ತಲೆಯ ಮೇಲಿನ ಕೊಡ ತುಳುಕಿ ಕತ್ತಿನ ಮೇಲೆ ನೀರು ಇಳಿಯಿತು.

"ಇದಕ್ಕ ಒಂದ ಕೊಡ ಪೂರ್ತಿ ಹಾಕು," ಎಂದ ಶಟ್ಟೆಪ್ಪ.

"ಇದಕ್ಕ ನಾಳೆ," ಎಂದು ಅವಳು ಕೊಡ ಇಳಿಸದೆ ಆಚೆ ಸಾಲಿಗೆ ನಡೆದಳು.